ಚಿಲಕಳ ಪತ್ತೇದಾರ

ಮನೆಯಲ್ಲಿಟ್ಟ ಹೆಸರು ಬೇರೆಯೇ ಇತ್ತು. ಆದರೆ ಕಾಲೇಜಿಗೆ ಸೇರಿದ ಕೆಲವೇ ದಿನಗಳಲ್ಲಿ ತರಗತಿಯವರೆಲ್ಲ ಅವಳನ್ನು ಚಿಲಕ ಎಂದು ಕರೆಯತೊಡಗಿದರು. ಹಾಗೆ ಕರೆದದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಯಾರಾದರೂ ಪೆನ್ನು ಕೇಳಿದರೆ ಮುಚ್ಚಳವನ್ನು ತನ್ನಲ್ಲೇ ಇಟ್ಟುಕೊಂಡು ಪೆನ್ನು ಮಾತ್ರ ಕೊಡುವವಳು ಅವಳು. ನಾಳೆ ಕ್ಲಾಸಿಲ್ಲ ಎಂದು ಒಬ್ಬರು ಹೇಳಿದರೆ ಇನ್ನಿಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವಳು. ಅಷ್ಟಾದರೂ ಸಮಾಧಾನವಾಗದೆ ಮರುದಿನ ಬಂದು, ಮುಚ್ಚಿದ ಬಾಗಿಲನ್ನು ಕಣ್ಣಾರೆ ನೋಡಿ ಮನೆಗೆ ಹೋಗುವಳು. ಇಂಥವಳಿಗೆ ಹೂವಿನ ಹೆಸರಿಡಲು ಯಾರಿಗೆ ಮನಸ್ಸು ಬಂದೀತು?

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಬೀಗ ರಿಪೇರಿಯವರು. ಪೇಟೆ ಬೀದಿಯಲ್ಲಿ ದರ್ಜಿಯ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಂಥ ಜಾಗ ಅವರದು. ಅಣ್ಣ ತಮ್ಮನಿಗೆ ಹೆದರಿ ಹಾಕಿದ ಬೀಗ, ಅತ್ತೆ ಸೊಸೆಗೆ ಹೆದರಿ ಹಾಕಿದ ಬೀಗ, ಎಲ್ಲವೂ ಕೆಟ್ಟಾಗ ಬರುತ್ತಿದ್ದುದು ಅವರ ಕೈಗೇ. ತಲೆ ನರೆಯುವತನಕ ಊರಿನ ಬೀಗಗಳ ಹೊಟ್ಟೆ ಬಗೆದು ನೋಡಿದವರಿಗೆ ಊರಿನ ಮೇಲೆ ನಂಬಿಕೆ ಉಳಿಯುವುದು ಕಷ್ಟ. "ನಿಮ್ಮಪ್ಪ ನನ್ನನ್ನ ನೋಡೋಕೆ ಬಂದಾಗ ನನ್ನ ಹೆಸರನ್ನ ನನ್ನ ಹತ್ರ ಒಂದ್ಸಲ, ನಮ್ಮಕ್ಕನ ಹತ್ರ ಒಂದ್ಸಲ ಕೇಳಿದ್ರು, ಎರಡೂ ತಾಳೆಯಾಗುತ್ತಾ ನೋಡೋಕೆ" ಎಂದು ಅಮ್ಮ ನಗುತ್ತಿದ್ದಳು. ಅಪ್ಪ ಮಾತ್ರ ನಗುತ್ತಿರಲಿಲ್ಲ, ಕೇಳಿದ್ದರಲ್ಲಿ ತಪ್ಪೇನಿತ್ತು ಎಂದು ಅವರಿಗೆ ಇವತ್ತಿಗೂ ಹೊಳೆದಿರಲಿಲ್ಲ.

ಮಗಳನ್ನು ಕಾಲೇಜಿಗೆ ಕಳಿಸುವಾಗಲೂ ಅವರು ಕರಾರು ಮಾಡಿಯೇ ಕಳಿಸಿದರು. "ನೋಡು ಪುಟ್ಟಿ, ಓದು, ಬೇಡ ಅನ್ನಲ್ಲ. ಆದ್ರೆ ಮೊದಲನೇ ವರ್ಷ ಒಂದೇ ಒಂದು ಪೇಪರಲ್ಲಿ ಫೇಲಾದ್ರೂ ವಾಪಸ್ ಬಂದು ಅಂಗಡೀಲಿ ಕೂರ್ಬೇಕು. ಆಯ್ತಾ?"

"ಆಯ್ತಪ್ಪಾ" ಎಂದಳು. ಅವಳಿಗೆ ಓದುವ ಆಸೆ ಅಷ್ಟಿತ್ತು, ಅದಕ್ಕಿಂತ ಕಷ್ಟದ ಕರಾರಾಗಿದ್ದರೂ ಒಪ್ಪುತ್ತಿದ್ದಳು.

ಅಡ್ಡಿಯಾಗಿ ಬಂದದ್ದು ಪ್ರಬಂಧದ ಪೇಪರು. ಪ್ರಬಂಧ ಹೇಳಿಕೊಡುತ್ತಿದ್ದ ಮೇಡಂ ನೋಡಲು ಗಿಡ್ಡ, ಆದರೆ ಅವರ ದನಿ ಕೊನೆಯ ಬೆಂಚಿನಲ್ಲಿ ನಿದ್ದೆಹೋದವರನ್ನೂ ಎಬ್ಬಿಸುತ್ತಿತ್ತು. "ನಿಮ್ಮ ಮನೇಲಿ ನಡೆಯೋ ಒಂದು ಕೆಲಸ ಆರಿಸ್ಕೊಳ್ಳಿ" ಎಂದರು. "ಅದರ ಬಗ್ಗೆ ಬೇರೆಯವರು ಏನು ಬರೆದಿದಾರೆ ಅಂತ ಲೈಬ್ರರೀಲಿ ಹುಡುಕಿ. ಯಾವ ಪುಸ್ತಕ, ಯಾವ ಪುಟ, ಎಲ್ಲ ಕೆಳಗೆ ಬರೀಬೇಕು. ಫೋನಿಂದ ಎತ್ತಿದ್ದು ನನ್ನ ಹತ್ರ ನಡೆಯಲ್ಲ."

ಇಷ್ಟಕ್ಕೇ ಬಿಟ್ಟಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಮೇಡಂ ತಮ್ಮದೇ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಬರೆದು ಒಪ್ಪಿಸಿದ ಪ್ರತಿಯೊಂದು ಪ್ರಬಂಧವೂ ಹೆಸರಿಲ್ಲದೆ ಅದೇ ತರಗತಿಯ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಅವರು ಲೈಬ್ರರಿಗೆ ಹೋಗಿ, ಹೇಳಿದ ಪುಸ್ತಕದ ಹೇಳಿದ ಪುಟ ತೆರೆದು, ಹೇಳಿದ ಮಾತು ಅಲ್ಲಿದೆಯೇ ಎಂದು ನೋಡಿ ಸಹಿ ಹಾಕಬೇಕು. ಯಾರದನ್ನು ಯಾರು ನೋಡುತ್ತಿದ್ದಾರೆ ಎಂಬುದು ಮೇಡಂಗೆ ಬಿಟ್ಟರೆ ಇನ್ಯಾರಿಗೂ ತಿಳಿಯುವಂತಿಲ್ಲ. "ಸಹಿ ಬಿದ್ದ ಮೇಲೆ ಸುಳ್ಳು ಸಿಕ್ರೆ ಬರೆದೋರೂ ಫೇಲು, ನೋಡಿದೋರೂ ಫೇಲು." ಮೇಡಂ ಇದನ್ನು ಪರಿಶೀಲನೆ ಎಂದು ಕರೆದರು. ಹುಡುಗ ಹುಡುಗಿಯರು ಪತ್ತೇದಾರಿ ಎಂದರು. ಅಲ್ಲಿಯವರೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುತ್ತಿದ್ದವರೆಲ್ಲ ಅವತ್ತಿನಿಂದ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಲು ಶುರುಮಾಡಿದರು.

ಚಿಲಕ ಬೀಗವನ್ನೇ ಆರಿಸಿಕೊಂಡಳು.

ಕಾಲೇಜಿನ ಲೈಬ್ರರಿ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಬಾಗಿಲಲ್ಲೇ ಚೀಲ ಬಿಟ್ಟು ಒಳಗೆ ಹೋಗಬೇಕು. ಅವಳು ಚೀಲದ ಎರಡು ಜಿಪ್ಪುಗಳನ್ನು ದಾರದಿಂದ ಕಟ್ಟಿ ಬಿಡುತ್ತಿದ್ದಳು. ಮುಂದಿನ ಮೇಜಿನಲ್ಲಿ ಕೂರುತ್ತಿದ್ದ ಲೈಬ್ರರಿಯಮ್ಮ ಪುಸ್ತಕಕ್ಕೆ ಮೊಹರು ಒತ್ತುವಾಗ ಇಡೀ ಹಾಲಿಗೆ ಕೇಳುವಂತೆ ಒತ್ತುತ್ತಿದ್ದರು. ಬೇರೆಯವರು ಮಾತಾಡಿದರೆ ಮಾತ್ರ ಸದ್ದು ಮಾಡಬೇಡಿ ಎಂದು ಗದರುತ್ತಿದ್ದರು. ಹುಡುಕಲೆಂದು ಇಟ್ಟಿದ್ದ ಕಂಪ್ಯೂಟರಿನ ಮೇಲೆ ಹೊದಿಕೆ ಹಾಕಿ ಯಾವ ಕಾಲವಾಗಿತ್ತೋ. ಹಾಗಾಗಿ ಮರದ ಸಣ್ಣ ಸಣ್ಣ ಡ್ರಾಯರುಗಳನ್ನು ಎಳೆದು, ಅಂಚು ಸವೆದ ಕಾರ್ಡುಗಳನ್ನು ಒಂದೊಂದಾಗಿ ಮಗುಚಿ, ಸಿಕ್ಕ ಸಂಖ್ಯೆಯನ್ನು ಅಂಗೈಯಲ್ಲಿ ಬರೆದುಕೊಂಡು ಕಪಾಟಿಗೆ ಹೋಗಬೇಕಿತ್ತು.

ಬೀಗ ಎಂಬ ಕಾರ್ಡೇ ಇರಲಿಲ್ಲ. ಮೊದಲ ದಿನ ಬರಿಗೈಯಲ್ಲಿ ಮನೆಗೆ ಹೋದಳು. ಆಮೇಲೆ ಲೋಹದ ಕೆಲಸ ಎಂಬಲ್ಲಿ ನೋಡಿದಳು, ಮನೆ ಕಟ್ಟುವುದು ಎಂಬಲ್ಲಿ ನೋಡಿದಳು, ಕಳ್ಳತನದ ಕಾನೂನು ಎಂಬಲ್ಲೂ ನೋಡಿದಳು. ಒಂದು ಪುಸ್ತಕದ ಕೊನೆಯಲ್ಲಿದ್ದ ಪಟ್ಟಿ ಇನ್ನೊಂದು ಪುಸ್ತಕದ ದಾರಿ ತೋರಿಸಿತು. ಒಂದು ಸಂಜೆ ಸಿಕ್ಕ ದಪ್ಪ ಪುಸ್ತಕದಲ್ಲಿ, ಅಪ್ಪ ದಿನಾ ಬೆರಳ ತುದಿಯಲ್ಲಿ ಹಿಡಿದು ಊದಿ ಒರೆಸುವ ಬೀಗದ ಒಳಗಿನ ಹಲ್ಲು, ಸ್ಪ್ರಿಂಗುಗಳ ಚಿತ್ರ ಇಡೀ ಪುಟ ತುಂಬಿತ್ತು. ಅಪ್ಪನ ಕೆಲಸದ ಬಗ್ಗೆ ಯಾರೋ ಎಲ್ಲೋ ಕೂತು ಇಷ್ಟು ದೊಡ್ಡ ಪುಸ್ತಕ ಬರೆದಿದ್ದಾರೆ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಅಕ್ಕಪಕ್ಕದಲ್ಲಿ ಯಾರಾದರೂ ನೋಡಿದರೇ ಎಂದು ತಕ್ಷಣ ಒರೆಸಿಕೊಂಡಳು.

ಬರೆಯುತ್ತ ಹೋದಂತೆ ಪ್ರಬಂಧಕ್ಕೆ ಒಂದು ಕೊರತೆ ಕಾಣಿಸಿತು. ಬೀಗವೇ ಇಲ್ಲದ ಊರೊಂದು ಬೇಕಿತ್ತು. ಇದ್ದವರೆಲ್ಲ ಬೀಗ ಹಾಕುವವರೇ ಆದರೆ ಪ್ರಬಂಧದಲ್ಲಿ ವಾದ ಎಲ್ಲಿಂದ ಬರಬೇಕು? ಅದಕ್ಕಾಗಿ ಅವಳು ಪ್ರವಾಸದ ಪುಸ್ತಕಗಳ ಕಪಾಟನ್ನೆಲ್ಲ ಜಾಲಾಡಿದಳು. ಒಪ್ಪಿಸುವ ಹಿಂದಿನ ದಿನದವರೆಗೂ ಅಂಥ ಊರು ಸಿಗಲಿಲ್ಲ. ಅವತ್ತು ಲೈಬ್ರರಿಯಮ್ಮ ಒಂದೊಂದೇ ಫ್ಯಾನು ಆರಿಸುತ್ತ ಬರುತ್ತಿದ್ದಾಗ ಅವಳ ಕೈಯಲ್ಲಿದ್ದುದು ಹಡಗಿನ ವೈದ್ಯನೊಬ್ಬ ಬರೆದ ಹಳೆಯ ಪುಸ್ತಕ. ಅದರ ತುಂಬ ದ್ವೀಪಗಳಿದ್ದವು. ಅಷ್ಟು ದ್ವೀಪಗಳ ಜೊತೆ ಇನ್ನೊಂದು ಸೇರಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು. "ಒಂದು ದ್ವೀಪದಲ್ಲಿ ಬಾಗಿಲುಗಳಿಗೆ ಬೀಗವಿಲ್ಲ. ಹೊರಗೆ ಹೋಗುವಾಗ ಹೊಸ್ತಿಲಿಗೆ ಅಡ್ಡಲಾಗಿ ಒಂದು ಕೋಲು ಇಟ್ಟು ಹೋಗುತ್ತಾರೆ. ಕೋಲು ಕಂಡ ಮನೆಯೊಳಗೆ ಯಾರೂ ಕಾಲಿಡುವುದಿಲ್ಲ" ಎಂದು ಬರೆದು, ಪುಸ್ತಕದ ನಟ್ಟನಡುವಿನ ಒಂದು ಪುಟದ ಸಂಖ್ಯೆ ಹಾಕಿಬಿಟ್ಟಳು. ಇಡೀ ಪ್ರಬಂಧದಲ್ಲಿ ಅಷ್ಟು ಚೆಂದದ ಮಾತು ಮತ್ತೊಂದಿರಲಿಲ್ಲ.

ಒಪ್ಪಿಸಿ ಮನೆಗೆ ಬಂದ ಮೇಲೆ ಶುರುವಾಯಿತು. ಮಾಡುವಾಗ ಇರದ ಭಯ ಮಾಡಿದ ಮೇಲೆ ಬೆನ್ನು ಹತ್ತಿತು. ಪಕ್ಕದಲ್ಲಿ ಕೂರುವವಳು ಸುಮ್ಮನೆ "ಪ್ರಬಂಧ ಚೆನ್ನಾಗಿ ಬಂತಾ?" ಎಂದರೆ, ಇವಳಿಗೇಕೆ ಇಲ್ಲದ ಉಸಾಬರಿ ಎಂದು ಚಿಲಕಳ ಕಿವಿ ನೆಟ್ಟಗಾಗುತ್ತಿತ್ತು. ಯಾರಾದರೂ ನಕ್ಕರೆ ಏಕೆ ನಕ್ಕರು, ನಗದಿದ್ದರೆ ಏಕೆ ನಗಲಿಲ್ಲ ಎಂಬುದೇ ಯೋಚನೆ. ಅವಳ ಪಾಲಿಗೆ ಪರಿಶೀಲನೆಗೆಂದು ಬಂದದ್ದು ಯಾರದೋ ಅಜ್ಜಿಯ ಹೊಲಿಗೆಯ ಬಗೆಗಿನ ಪ್ರಬಂಧ. ಅದರಲ್ಲೂ ಎಲ್ಲಾದರೂ ಒಂದು ಸುಳ್ಳು ಸಿಕ್ಕರೆ ತನಗೆ ಜೊತೆಯಾದೀತು ಎಂದು ಅಲ್ಪವಿರಾಮವನ್ನೂ ಬಿಡದೆ ಹುಡುಕಿದಳು. ಎಲ್ಲವೂ ಸರಿಯಾಗಿತ್ತು. ಮುಖ ಗಂಟಿಕ್ಕಿಕೊಂಡು ಸಹಿ ಹಾಕಿದಳು.

ಹಾಗಾದರೆ ತನ್ನ ಪತ್ತೇದಾರ ಯಾರು? ಮೈಯೆಲ್ಲ ಕಣ್ಣಾಗಿ ಲೈಬ್ರರಿಯ ಮೂಲೆಯಲ್ಲಿ ಕೂತು ಕಾದಳು. ಅವನು ಬಂದ. ತರಗತಿಯಲ್ಲಿ ಎಲ್ಲರೂ ಗೊಣಗ ಎಂದು ಕರೆಯುತ್ತಿದ್ದ ಉದ್ದನೆಯ ಹುಡುಗ. ಓದುವಾಗ ಒಂದೊಂದು ಪದವನ್ನೂ ಬಾಯಲ್ಲೇ ಅಗಿಯುವ ಅಭ್ಯಾಸ ಅವನಿಗೆ, ಪರೀಕ್ಷೆಯಲ್ಲಿ ಅವನ ಪಕ್ಕ ಕೂತವರಿಗೆ ಬಿಟ್ಟಿ ಉತ್ತರ ಸಿಗುತ್ತಿತ್ತು. ಅವನು ಪ್ರವಾಸದ ಕಪಾಟಿನ ಮುಂದೆ ನಿಂತು, ಪುಸ್ತಕಗಳ ಬೆನ್ನಿನ ಮೇಲೆ ಬೆರಳಾಡಿಸುತ್ತ, "ಹಡಗು... ಹಡಗು..." ಎಂದು ಗೊಣಗುತ್ತಿದ್ದ. ತನ್ನ ಪ್ರಬಂಧ ಇವನ ಕೈಯಲ್ಲೇ ಇದೆ ಎಂದು ಚಿಲಕಳಿಗೆ ಖಾತ್ರಿಯಾಯಿತು.

ಅದೃಷ್ಟಕ್ಕೆ ಅವನು ಕೆಳಗಿನ ಸಾಲು ನೋಡುತ್ತಿದ್ದ, ಪುಸ್ತಕ ಮೇಲಿನ ಸಾಲಿನಲ್ಲಿತ್ತು. ಅವನು ಅತ್ತ ತಿರುಗಿದ್ದೇ ತಡ, ಇವಳು ಅದನ್ನು ಎತ್ತಿಕೊಂಡು ಏನೂ ಅರಿಯದವಳಂತೆ ನಡೆದಳು. ಮನೆಗೆ ತೆಗೆದುಕೊಂಡು ಹೋಗೋಣವೆಂದರೆ ಲೈಬ್ರರಿಯಮ್ಮ ಹೆಸರು ಬರೆದುಕೊಳ್ಳುತ್ತಾರೆ. ಬೀಗದವರ ಮಗಳು ಗುರುತು ಬಿಡುವಷ್ಟು ದಡ್ಡಿಯೇ? ಹಿಂದಿನ ಸಾಲಿನಲ್ಲಿ ದನಗಳ ಕಾಯಿಲೆಯ ದಪ್ಪ ದಪ್ಪ ಪುಸ್ತಕಗಳಿದ್ದವು, ಅವುಗಳ ಹಿಂದೆ ಹಡಗಿನ ವೈದ್ಯನನ್ನು ತುರುಕಿ ಬಂದಳು.

ಮುಂದಿನ ದಿನಗಳಲ್ಲಿ ಗೊಣಗ ಆ ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ, ಏಣಿ ಹತ್ತಿದ, ಇಳಿದ. ಲೈಬ್ರರಿಯಮ್ಮನನ್ನು ಕೇಳಿದ. "ಯಾರೂ ತಗೊಂಡಿಲ್ಲಪ್ಪ, ಒಳಗೇ ಇರ್ಬೇಕು. ಕಣ್ಣು ಬಿಟ್ಟು ಹುಡುಕು" ಎಂದರು ಅವರು. ಕೊನೆಗೆ ಅವನು ಚಿಲಕಳ ಮೇಜಿಗೇ ಬಂದ.

"ನೀನು ದಿನಾ ಇಲ್ಲೇ ಕೂತಿರ್ತೀಯಲ್ಲ, ಹಡಗಿನ ಡಾಕ್ಟರೊಬ್ರು ಬರೆದ ಪುಸ್ತಕ ಈಚೆಗೆ ಎಲ್ಲಾದ್ರೂ ಕಣ್ಣಿಗೆ ಬಿತ್ತಾ?"

"ಇಲ್ವಲ್ಲ. ಯಾಕೆ?"

"ಏನಿಲ್ಲ, ಹೀಗೇ." ಅವನು ನಕ್ಕ.

ಆ ನಗು ಅವಳ ನಿದ್ದೆ ಕೆಡಿಸಿತು. ಗೊತ್ತಾಗಿಯೇ ನಕ್ಕನೇ? ತಾನು ಪುಸ್ತಕ ಬಚ್ಚಿಟ್ಟದ್ದನ್ನು ಕಂಡು, ಬಾಯಿ ಬಿಡಿಸಲೆಂದೇ ಕೇಳಿದನೇ? ಮರುದಿನ ಅವನು ಲೈಬ್ರರಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಂದಾಗ ಭಯವಿತ್ತು, ಬರದಿದ್ದಾಗ ಭಯ ಇಮ್ಮಡಿಯಾಯಿತು. ಮೇಡಂ ಹತ್ತಿರ ಹೋಗಿ ಚಾಡಿ ಹೇಳಿದ್ದಾನೆ, ಅದಕ್ಕೇ ಬರುತ್ತಿಲ್ಲ ಎಂದು ತೀರ್ಮಾನಿಸಿದಳು. ಊಟಕ್ಕೆ ಕೂತಾಗ ಅಪ್ಪ ಅವಳ ಮುಖವನ್ನೇ ನೋಡಿ, "ಏನೋ ಮುಚ್ಚಿಡ್ತಿದೀಯ ನೀನು" ಎಂದರು. "ನಿಮ್ಮ ಮಗಳಲ್ವಾ" ಎಂದಳು ಅಮ್ಮ.

ಕಡೆಗೂ ಕರೆ ಬಂತು. ಇಬ್ಬರಿಗೂ.

ಮೇಡಂ ಕೋಣೆಯ ಮೇಜಿನ ಮೇಲೆ ಹಡಗಿನ ವೈದ್ಯನ ಪುಸ್ತಕವಿತ್ತು. ಚಿಲಕ ಮೊದಲು ನೋಡಿದ್ದು ಅದನ್ನೇ. ದನಗಳ ಹಿಂದಿನಿಂದ ಇದು ಹೇಗೆ ಎದ್ದು ಬಂತು ಎಂದು ಕಕ್ಕಾಬಿಕ್ಕಿಯಾದಳು.

"ಇದು ನನ್ನದು" ಎಂದರು ಮೇಡಂ. "ಚಿಕ್ಕವಳಿದ್ದಾಗಿಂದ ಓದ್ತಾ ಬಂದಿದೀನಿ. ಇದರಲ್ಲಿ ಕೋಲು ಇಡೋ ದ್ವೀಪ ನನಗೆಲ್ಲೂ ಸಿಗಲಿಲ್ಲ. ಆದ್ರೆ ಇಲ್ಲಿ 'ಪುಟ ನೋಡಿದ್ದೇನೆ, ಸರಿಯಿದೆ' ಅಂತ ಸಹಿ ಇದೆ." ಅವರು ಗೊಣಗನ ಕಡೆ ತಿರುಗಿದರು. "ನೀನು ನೋಡಿದ್ಯಾ?"

ಚಿಲಕ ತಿರುಗಿ ಅವನನ್ನು ನೋಡಿದಳು. ತನ್ನ ಮೇಲೆ ಚಾಡಿ ಹೇಳಿದ್ದಾನೆ ಎಂದುಕೊಂಡವನು ತನ್ನ ಪರವಾಗಿ ಸಹಿ ಹಾಕಿದ್ದ.

"ನೋಡ್ಲಿಲ್ಲ ಮೇಡಂ" ಎಂದ ಗೊಣಗ. "ಪುಸ್ತಕ ಸಿಗಲಿಲ್ಲ. ತುಂಬ ಹುಡುಕ್ದೆ."

"ಮತ್ತೆ ಸಹಿ ಯಾಕೆ ಹಾಕ್ದೆ?"

ಅವನು ಕತ್ತು ತುರಿಸಿಕೊಂಡ. "ಬೀಗದ ಬಗ್ಗೆ ಬರೆದಿರೋರು ಯಾರು ಅಂತ ಗೊತ್ತಾಗಲ್ವಾ ಮೇಡಂ? ಇವಳು ಕ್ಲಾಸಿಲ್ಲ ಅಂದ್ರೂ ಬಂದು ಬಾಗಿಲು ನೋಡ್ಕೊಂಡು ಹೋಗೋಳು. ಯಾರನ್ನೂ ನಂಬದೋಳು. ಇಂಥವಳು ನೋಡದೆ ಬರೀತಾಳಾ ಅಂತ... ಮಿಕ್ಕಿದ್ದೆಲ್ಲ ಒಂದಕ್ಷರ ತಪ್ಪಿಲ್ದೆ ಇತ್ತು. ಇದೂ ಇರುತ್ತೆ ಅಂದ್ಕೊಂಡೆ."

ಪುಟದ ಸಂಖ್ಯೆ ತಪ್ಪಾಗಿದೆ, ಬೇರೆ ಪುಸ್ತಕ ಇರಬೇಕು ಎಂದು ಏನಾದರೂ ಹೇಳಿ ಚಿಲಕ ನುಣುಚಿಕೊಳ್ಳಬಹುದಿತ್ತು. ನೋಡದೆ ಸಹಿ ಹಾಕಿದ ತಪ್ಪು ಹೇಗೂ ಅವನ ತಲೆಯ ಮೇಲಿತ್ತು. ಅವಳು ಬಾಯಿ ತೆರೆದದ್ದೂ ಅದಕ್ಕೇ. ಆದರೆ ಅವನು ಅವಳತ್ತ ನೋಡುತ್ತಿದ್ದ, ಈಗಲಾದರೂ ಇವಳು ಸರಿಯಾದ ಪುಟ ಹೇಳುತ್ತಾಳೆ ಎಂದು ಕಾಯುತ್ತಿದ್ದ. ಆ ಮುಖದೆದುರು ಸುಳ್ಳು ಹೊರಡಲಿಲ್ಲ.

"ಆ ದ್ವೀಪ ಇಲ್ಲ ಮೇಡಂ. ನಾನೇ ಕಟ್ಟಿದ್ದು. ಪುಸ್ತಕ ಬಚ್ಚಿಟ್ಟೋಳೂ ನಾನೇ."

ಗೊಣಗನ ಬಾಯಿ ಸ್ವಲ್ಪ ತೆರೆದುಕೊಂಡಿತು. ಆದರೆ ಅವನು ಏನೂ ಗೊಣಗಲಿಲ್ಲ.

ಮೇಡಂ ಬೈದರು, ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ಕೇಳುವಷ್ಟು ಬೈದರು. ಆಮೇಲೆ ಇಬ್ಬರನ್ನೂ ಫೇಲ್ ಮಾಡುವ ಬದಲು ಒಂದು ವಾರ ಕೊಟ್ಟರು. "ಹೊಸದಾಗಿ ಬರಿ. ಇವನೇ ನೋಡ್ಲಿ, ಎದುರುಬದುರು ಕೂತು. ಕಣ್ಣಾರೆ ನೋಡದ ಒಂದು ಸಾಲಿಗೆ ಇವನ ಸಹಿ ಬಿದ್ರೂ ಇಬ್ಬರೂ ಮುಂದಿನ ವರ್ಷ ಮತ್ತೆ ನನ್ನ ಕ್ಲಾಸಲ್ಲೇ ಕೂರ್ತೀರ." ಮುಂದಿನ ವರ್ಷ ತಾನು ಕೂರುವುದು ಎಲ್ಲಿ ಎಂದು ಚಿಲಕಳಿಗೆ ಗೊತ್ತಿತ್ತು. ದರ್ಜಿಗೂ ಸೈಕಲ್ಲಿಗೂ ನಡುವೆ.

ಆ ವಾರ ಅವಳು ಕಂಡದ್ದು ಬೇರೆಯೇ ಗೊಣಗನನ್ನು. ಅವನೆದುರಿಗೇ ಅವಳು ದನಗಳ ಹಿಂದಿನಿಂದ ಪುಸ್ತಕ ಎಳೆದು ತೆಗೆದಳು, ಅವನು ನೋಡಿದ. ಆಮೇಲೆ ಅವನ ಬಾಯಿಂದ ಹೊರಟದ್ದು ಒಂದೇ ಪದ. "ತೋರಿಸು." ಅವಳು ಪುಟ ತೆರೆಯುವಳು. ಅವನು ತುಟಿ ಬಿಗಿಹಿಡಿದು, ಬೆರಳಿಟ್ಟು ಓದುವನು. ಮುಖಪುಟ ತಿರುಗಿಸಿ ಅದೇ ಪುಸ್ತಕವೇ ಎಂದು ನೋಡುವನು. ಮುಂದಿನ ಪುಟವನ್ನೂ ಹಿಂದಿನ ಪುಟವನ್ನೂ ನೋಡುವನು. "ಚಿನ್ನ ಕೊಳ್ಳೋರೂ ಇಷ್ಟು ಉಜ್ಜಿ ನೋಡಲ್ವಲ್ಲಪ್ಪ" ಎಂದು ಲೈಬ್ರರಿಯಮ್ಮ ತಮಾಷೆ ಮಾಡಿದರು. ಅವನು ನಗಲಿಲ್ಲ. ಅವಳು ಒಂದು ಸಲ "ನನ್ನ ಮೇಲೆ ಕೋಪಾನಾ?" ಎಂದು ಕೇಳಿದಳು. "ಕೋಪ ಏನಿಲ್ಲ. ತೋರಿಸು" ಎಂದ. ಕೋಪವಾದರೆ ಎಷ್ಟೋ ವಾಸಿ ಎನ್ನಿಸಿತು ಅವಳಿಗೆ.

ಪುಸ್ತಕಗಳ ಮಾತೆಲ್ಲ ಮುಗಿದು ಕೊನೆಗೆ ಉಳಿದದ್ದು ಮನೆಯ ಮಾತು. ದ್ವೀಪ ಹೋದ ಜಾಗ ಖಾಲಿಯಿತ್ತಲ್ಲ, ಅಲ್ಲಿ ಅವಳು ಈ ಸಲ ತನಗೆ ಗೊತ್ತಿದ್ದದ್ದನ್ನೇ ಬರೆದಿದ್ದಳು. ಊರಿನ ಎಷ್ಟೋ ಮನೆಗಳ ಬೀಗದ ಕೈಗಳು ಅಪ್ಪನ ಕೈಯಲ್ಲೇ ತಯಾರಾಗಿವೆ, ಅವುಗಳಲ್ಲಿ ಒಂದಕ್ಕೂ ಅಪ್ಪ ಜೋಡಿ ಕೈ ಮಾಡಿ ತಮ್ಮಲ್ಲಿ ಇಟ್ಟುಕೊಂಡಿಲ್ಲ, ಬೀಗ ಹಾಕುವ ಊರೂ ಕಡೆಗೆ ಒಬ್ಬನನ್ನು ನಂಬಲೇಬೇಕು ಎಂದು.

ಗೊಣಗ ಅದರ ಮೇಲೆ ಬೆರಳಿಟ್ಟ. "ತೋರಿಸು."

ಅವಳಿಗೆ ನಗು ಬಂತು. "ಅಯ್ಯೋ, ಇದು ಪುಸ್ತಕದ್ದಲ್ಲ. ನಮ್ಮಪ್ಪಂದು."

"ಗೊತ್ತು. ತೋರಿಸು."

ತಮಾಷೆಯಲ್ಲ ಎಂದು ಅರ್ಥವಾಗಲು ಅವಳಿಗೆ ತುಸು ಹೊತ್ತು ಬೇಕಾಯಿತು. ಎದ್ದಳು. ಇಬ್ಬರೂ ಪೇಟೆ ಬೀದಿಯವರೆಗೆ ನಡೆದರು.

ಅಪ್ಪ ಒಂದು ಬೀಗದ ಕೈಗೆ ಅರ ಉಜ್ಜುತ್ತಿದ್ದರು. ಮಗಳ ಹಿಂದೆ ನಿಂತ ಹುಡುಗನನ್ನು ತಲೆಯಿಂದ ಕಾಲಿನವರೆಗೆ ಅಳೆದು, "ಯಾರಿದು?" ಎಂದರು. ಈಗ ಮುಚ್ಚಿಟ್ಟು ಉಪಯೋಗವಿರಲಿಲ್ಲ. ದ್ವೀಪ, ದನಗಳ ಕಪಾಟು, ಸಹಿ, ಮೇಡಂ ಹೇಳಿದ್ದು ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಅಪ್ಪ ಅರವನ್ನು ಕೆಳಗಿಟ್ಟು ಕೇಳಿದರು. ಕೂಗಾಡುತ್ತಾರೆ ಎಂದುಕೊಂಡಿದ್ದಳು, ಕೂಗಾಡಲಿಲ್ಲ.

"ನಿನಗೇನು ನೋಡ್ಬೇಕಪ್ಪ?" ಎಂದು ಗೊಣಗನನ್ನು ಕೇಳಿದರು.

"ನೀವು ಯಾರ ಬೀಗದ ಕೈಗೂ ಜೋಡಿ ಇಟ್ಕೊಂಡಿಲ್ಲ ಅಂತ ಬರೆದಿದಾಳೆ ಸರ್. ಅದನ್ನ."

ಅಪ್ಪನ ಮುಖ ಕೆಂಪಾಯಿತು. ಮೇಜಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಹಲಗೆಯ ಮೇಲೆ ಮಗುಚಿದರು. ಸ್ಪ್ರಿಂಗುಗಳು, ಮೊಳೆಗಳು, ಹಲ್ಲು ಕೊರೆಯದ ಖಾಲಿ ಕೈಗಳು, ಮುರಿದ ಬೀಗಗಳು. ಡಬ್ಬಗಳನ್ನೂ ಬೋರಲು ಹಾಕಿದರು. ಗೋಡೆಯಲ್ಲಿ ನೇತುಹಾಕಿದ್ದ ಹಳೆಯ ಕೋಟಿನ ಜೇಬುಗಳನ್ನೂ ಹೊರಗೆಳೆದು ತೋರಿಸಿದರು. ದರ್ಜಿ ಹೊಲಿಗೆ ನಿಲ್ಲಿಸಿ ಇಣುಕಿದ. "ನೋಡು. ಚೆನ್ನಾಗಿ ನೋಡು" ಎಂದರು.

ಗೊಣಗ ಚೆನ್ನಾಗಿಯೇ ನೋಡಿದ. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಮನೇಲಿ ಇರಬಹುದಲ್ವಾ ಸರ್" ಎಂದ.

ಚಿಲಕ ಅಪ್ಪನನ್ನು ನೋಡಲಾರದೆ ಹೋದಳು. ಅಪ್ಪ ಇಡೀ ಜೀವನ ಬೇರೆಯವರನ್ನು ಕೇಳುತ್ತಿದ್ದುದು ಇಂಥದೇ ಪ್ರಶ್ನೆಗಳನ್ನು, ಇದೇ ದನಿಯಲ್ಲಿ. "ಇಲ್ದೇ ಇರೋದನ್ನ ಹೇಗಪ್ಪಾ ತೋರಿಸ್ಲಿ?" ಎಂದರು ಕೊನೆಗೆ. "ಅದನ್ನ ನಂಬ್ಬೇಕು."

ನಂಬಬೇಕು ಎಂಬ ಮಾತನ್ನು ಅಪ್ಪನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

ಗೊಣಗನ ಕಣ್ಣು ಒದ್ದೆಯಾಗಿತ್ತು. "ಸಹಿ ಹಾಕೋಕಾಗಲ್ಲ ಸರ್. ನೋಡದೆ ಒಂದ್ಸಲ ಹಾಕಿ ಆಗಿದೆ."

ಅಪ್ಪ ಮಗಳ ಕಡೆ ನೋಡಿದರು. ಇವಳು ಏನಾದರೂ ಹೇಳುತ್ತಾಳೆ ಎಂಬಂತೆ. ಅಪ್ಪ ಸತ್ಯವಂತರು ಎಂಬುದಕ್ಕೆ ಅವಳೇ ಸಾಕ್ಷಿ, ಅವಳ ಸಾಕ್ಷಿಗೆ ಬೆಲೆಯಿಲ್ಲದಂತೆ ಮಾಡಿಕೊಂಡವಳೂ ಅವಳೇ. ಚೀಲದಿಂದ ಪ್ರಬಂಧ ತೆಗೆದು, ಸ್ಪ್ರಿಂಗುಗಳನ್ನು ಪಕ್ಕಕ್ಕೆ ಸರಿಸಿ ಹಲಗೆಯ ಮೇಲೆ ಇಟ್ಟಳು. ಅಪ್ಪನ ಬಗ್ಗೆ ಬರೆದ ಸಾಲುಗಳ ಮೇಲೆ ಗೆರೆ ಎಳೆದಳು. ಒಂದು ಅಕ್ಷರವೂ ಕಾಣದಂತೆ ಮತ್ತೆ ಮತ್ತೆ ಎಳೆದಳು. ಗೊಣಗ ಅಳಿಸಿದ್ದನ್ನು ಬಗ್ಗಿ ನೋಡಿ, ಪುಟದ ಕೆಳಗೆ ಸಹಿ ಹಾಕಿದ.

ಅಪ್ಪ ಚೆಲ್ಲಿದ ಮೊಳೆಗಳನ್ನು ಅಂಗೈಯಲ್ಲಿ ಬಳಿದು ಡಬ್ಬಕ್ಕೆ ತುಂಬುತ್ತಿದ್ದರು. ಅವಳು ನೆರವಿಗೆ ಬಗ್ಗಿದಳು.

"ಬಿಡು, ನಾನು ಮಾಡ್ಕೋತೀನಿ" ಎಂದರು ಅಪ್ಪ, ಮುಖ ಎತ್ತದೆ. "ನೀನು ಹೋಗು, ಕಾಲೇಜಿಗೆ ಹೊತ್ತಾಯ್ತು."